ಮಗುವಿಗೆ ಹುಲ್ಲಿನ ಅಲರ್ಜಿ: ಜೇನುತುಪ್ಪ, ಕಷಾಯ, ಉಪ್ಪುನೀರು – ಯಾವುದನ್ನು ಎಷ್ಟು ನಂಬಬೇಕು?

ಹೋದ ವರ್ಷ ಗಣೇಶನ ಹಬ್ಬದ ಬೆಳಿಗ್ಗೆ ನನ್ನ ಏಳು ವರ್ಷದ ಮಗಳು ಅಜ್ಜಿಯ ಜೊತೆ ಪಕ್ಕದ ಖಾಲಿ ಸೈಟಿಗೆ ಗರಿಕೆ ಕೀಳಲು ಹೋದಳು. 21 ಎಳೆ ಸಾಕು ಅಂದಿದ್ದಕ್ಕೆ ಎರಡು ಮುಷ್ಟಿ ತುಂಬ ತಂದಳು. ಮಂಗಳಾರತಿ ಹೊತ್ತಿಗೆ ಅವಳ ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿಹೋಗಿತ್ತು. ಮೊಣಕಾಲಿನ ಕೆಳಗೆಲ್ಲ ಕೆಂಪು ಗಂಧೆ. ಸೀನು ಶುರುವಾಯಿತು ನೋಡಿ, ಒಂದರ ಹಿಂದೆ ಒಂದು, ಹನ್ನೊಂದು. ನಾನು ಎಣಿಸಿದೆ.

ಆಮೇಲೆ ಸಲಹೆಗಳ ಸುರಿಮಳೆ. "ಶೀತ ಕಣೇ, ಇನ್ನೇನಲ್ಲ. ನಿನ್ನೆ ರಾತ್ರಿ ಮೊಸರನ್ನ ಕೊಡಬೇಡ ಅಂದೆ ನಾನು. ಕಾಳುಮೆಣಸಿನ ಕಷಾಯ ಮಾಡ್ತೀನಿ ಇರು" ಅಂತ ಅಮ್ಮ. ಪಕ್ಕದ ಮನೆ ಆಂಟಿ ಕೊಡಗಿನ ಜೇನುತುಪ್ಪದ ಬಾಟಲಿ ಹಿಡಿದುಕೊಂಡೇ ಬಂದರು. ಊರಿಂದ ಫೋನು ಮಾಡಿದ ದೊಡ್ಡಮ್ಮ ಕಂಬಳಿ ಉಜ್ಜಿ ಅಂದರು. ಫ್ಯಾಮಿಲಿ ವಾಟ್ಸ್ಆಪ್ ಗ್ರೂಪಿನಲ್ಲಿ ಅಮೃತಬಳ್ಳಿಯಿಂದ ಹಿಡಿದು ಆನ್‌ಲೈನಿನಲ್ಲಿ ಸಿಗುವ ಯಾವುದೋ ಹಸಿರು ಗುಳಿಗೆಯವರೆಗೆ ಎಲ್ಲವೂ ಬಂತು.

ಅಲ್ಲಿಂದ ಒಂದು ವರ್ಷ ಇದನ್ನೇ ಓದಿದ್ದೇನೆ, ಮಕ್ಕಳ ಡಾಕ್ಟರ ತಲೆ ತಿಂದಿದ್ದೇನೆ, ಒಂದಷ್ಟನ್ನು ಮನೆಯಲ್ಲಿ ಮಾಡಿಯೂ ನೋಡಿದ್ದೇನೆ. ನಾನು ವೈದ್ಯೆಯಲ್ಲ. ನನಗೆ ಅರ್ಥವಾದದ್ದು ಇಷ್ಟು: ನಾವು ಮಗುವಿನ ಹೊಟ್ಟೆಗೆ ಏನು ಹಾಕಬೇಕು ಅಂತ ಹುಡುಕುತ್ತೇವೆ. ಮನೆಮದ್ದುಗಳಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಮಗುವಿನ ಮೈಮೇಲಿಂದ, ಮೂಗಿನಿಂದ ಏನು ತೊಳೆದು ತೆಗೆಯಬೇಕು ಅನ್ನುವುದು.

ಮೊದಲು, ಇದು ಹುಲ್ಲಿನದ್ದೇ ಹೌದಾ?

ನೆಗಡಿಗೂ ಇದಕ್ಕೂ ವ್ಯತ್ಯಾಸ ಇದೆ. ನೆಗಡಿ ಒಂದು ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಮೈ ಬಿಸಿಯಾಗಬಹುದು, ಸಿಂಬಳ ಗಟ್ಟಿಯಾಗುತ್ತದೆ. ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ. ಮೂಗಿನಿಂದ ನೀರಿನಂಥದ್ದು ಸುರಿಯುತ್ತದೆ. ಮುಖ್ಯವಾಗಿ ತುರಿಕೆ: ಕಣ್ಣು, ಮೂಗು, ಕೆಲವರಿಗೆ ಅಂಗುಳವೂ ತುರಿಸುತ್ತದೆ. ಮಗು ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುತ್ತಲೇ ಇರುತ್ತದೆ. ಬಹಳ ದಿನ ಹೀಗೆ ಉಜ್ಜಿದರೆ ಮೂಗಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಮೂಡುತ್ತದೆ. ನನ್ನ ಮಗಳಿಗೆ ಆ ಗೆರೆ ಇತ್ತು. ಅದೇನೋ ಹುಟ್ಟುಗುರುತು ಅಂದುಕೊಂಡಿದ್ದೆ ನಾನು!

ಎರಡನೆಯ ಸುಳಿವು, ಕಾಲ. ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುತ್ತದೆಯೇ ನೋಡಿ. ನಮ್ಮ ಕಡೆ ಮಳೆಗಾಲ ಮುಗಿಯುತ್ತಾ ಬಂದಂತೆ, ಹೆಚ್ಚುಕಡಿಮೆ ಆಗಸ್ಟ್‌ನಿಂದ ನವೆಂಬರ್‌ವರೆಗೆ, ಹುಲ್ಲು ತೆನೆ ಬಿಡುತ್ತದೆ. ಗರಿಕೆಯ ತೆನೆ ನೋಡಿದ್ದೀರಾ? ಒಂದೇ ಕಡೆಯಿಂದ ನಾಲ್ಕೈದು ಬೆರಳು ಬಿಚ್ಚಿದ ಹಾಗೆ, ಕೋಳಿಯ ಕಾಲಿನ ಥರ ಇರುತ್ತದೆ. ಅದನ್ನು ಕಪ್ಪು ಬಟ್ಟೆಯ ಮೇಲೆ ಕೊಡವಿದರೆ ಹಳದಿ ಪುಡಿ ಉದುರುತ್ತದೆ. ಅದೇ ಪರಾಗ. ಪೂಜೆಗೆ ಇಡುವ ಎಳೆ ಕುಡಿಯಲ್ಲಿ ಪರಾಗ ಇರುವುದಿಲ್ಲ. ನನ್ನ ಮಗಳಿಗೆ ಪೆಟ್ಟು ಕೊಟ್ಟದ್ದು ಅವಳ ಕೈಯಲ್ಲಿದ್ದ ಗರಿಕೆಯಲ್ಲ, ಅದನ್ನು ಕೀಳಲು ನಡೆದು ಹೋದ ಸೈಟಿನಲ್ಲಿ ಸೊಂಟದವರೆಗೆ ಬೆಳೆದು ತೆನೆ ಬಿಟ್ಟಿದ್ದ ಹುಲ್ಲು.

ಹುಲ್ಲು ಅಂದರೆ ಬರೀ ಲಾನ್ ಅಲ್ಲ. ರಾಗಿ, ಭತ್ತ, ಜೋಳ, ಕಬ್ಬು, ಬಿದಿರು ಎಲ್ಲವೂ ಅದೇ ಕುಟುಂಬ. ಬಹುತೇಕ ಹುಲ್ಲುಗಳಿಗೆ ಗಾಳಿಯೇ ಪರಾಗ ಹೊರುವ ಆಳು. ಹಾಗಂತ ರಾಗಿ ಮುದ್ದೆ ನಿಲ್ಲಿಸಬೇಕಿಲ್ಲ. ಪರಾಗಕ್ಕೆ ಆಗದಿದ್ದರೆ ಕಾಳಿಗೂ ಆಗುವುದಿಲ್ಲ ಅಂತೇನಿಲ್ಲ. ಆದರೆ ಹುಲ್ಲಿನ ಅಲರ್ಜಿ ಇರುವ ಕೆಲವು ಮಕ್ಕಳಿಗೆ ಟೊಮೆಟೊ, ಕರಬೂಜ, ಕಿತ್ತಳೆ ಹಸಿಯಾಗಿ ತಿಂದಾಗ ತುಟಿ, ಬಾಯಿ ತುರಿಸುವುದುಂಟು. ನಿಮ್ಮ ಮಗು ಹಾಗೆ ಹೇಳಿದರೆ "ನಾಟಕ ಮಾಡಬೇಡ" ಅನ್ನಬೇಡಿ, ಡಾಕ್ಟರಿಗೆ ಹೇಳಿ.

ಇನ್ನೊಂದು ಗೊಂದಲ, ಕಾಂಗ್ರೆಸ್ ಹುಲ್ಲು. ಹೆಸರಿನಲ್ಲಿ ಹುಲ್ಲು ಇದ್ದರೂ ಅದು ಹುಲ್ಲೇ ಅಲ್ಲ. ಸೇವಂತಿಗೆ, ಸೂರ್ಯಕಾಂತಿಯ ಸಂಬಂಧಿ, ಪಾರ್ಥೇನಿಯಂ ಅಂತ ಹೆಸರು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ನಮ್ಮ ಖಾಲಿ ಸೈಟುಗಳನ್ನೆಲ್ಲ ತನ್ನ ಹೆಸರಿಗೆ ಮಾಡಿಕೊಂಡಿತು. ಅದನ್ನು ತಿನ್ನಲಿ ಅಂತ 1984ರಲ್ಲಿ ಮೆಕ್ಸಿಕೊದ ಒಂದು ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ತಿನ್ನುತ್ತದೆ, ಗಿಡ ಮತ್ತೆ ಬೆಳೆಯುತ್ತದೆ. ಇದರ ಪರಾಗಕ್ಕೂ ಸೀನು ಬರುತ್ತದೆ, ಗಿಡ ತಾಗಿದರೆ ಚರ್ಮ ಒರಟಾಗಿ ತುರಿಸುತ್ತದೆ. ಯಾವುದಕ್ಕೆ ಅಲರ್ಜಿ ಅಂತ ಖಚಿತ ಮಾಡಿಕೊಳ್ಳಲು ಸ್ಕಿನ್ ಪ್ರಿಕ್ ಟೆಸ್ಟ್ ಇದೆ: ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು ಸಣ್ಣಗೆ ಚುಚ್ಚುತ್ತಾರೆ, ಕಾಲು ಗಂಟೆಯಲ್ಲಿ ಎಲ್ಲಿ ಗಂಧೆ ಏಳುತ್ತದೆ ನೋಡುತ್ತಾರೆ. ಇಂಥದ್ದೇ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ತೊಳೆಯುವ ಮದ್ದುಗಳು

ನನ್ನ ಪಟ್ಟಿಯಲ್ಲಿ ಮೊದಲನೆಯದು ಉಪ್ಪುನೀರು. ಯೋಗ ಮಾಡುವವರಿಗೆ ಜಲನೇತಿ ಗೊತ್ತಿರುತ್ತದೆ. ಉದ್ದ ಮೂತಿಯ ನೇತಿ ಪಾತ್ರೆಯಿಂದ ಒಂದು ಹೊಳ್ಳೆಗೆ ನೀರು ಬಿಟ್ಟು ಇನ್ನೊಂದರಿಂದ ಹೊರಗೆ ಬರಿಸುವುದು. ಲೆಕ್ಕ ಬಹಳ ಸರಳ. ಪರಾಗ ಮೂಗಿನೊಳಗಿನ ತೇವಕ್ಕೆ ಅಂಟಿಕೊಂಡು ಕೂತಿರುತ್ತದೆ, ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಇದರ ಬಗ್ಗೆ 14 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ ದೊಡ್ಡವರೂ ಮಕ್ಕಳೂ ಇದ್ದರು. ಉಪ್ಪುನೀರಿನಿಂದ ತೊಂದರೆ ಕಡಿಮೆಯಾಗುವ ಹಾಗೆ ಕಾಣುತ್ತದೆ, ಆದರೆ ಸಾಕ್ಷಿ ಅಷ್ಟು ಗಟ್ಟಿಯಿಲ್ಲ ಅಂತ ಬರೆದರು. ಮನೆಮದ್ದುಗಳ ಲೋಕದಲ್ಲಿ ಇಷ್ಟು ಸಿಕ್ಕಿದ್ದೇ ದೊಡ್ಡದು.

ಮಾಡುವ ಕ್ರಮ ಮಾತ್ರ ಸರಿ ಇರಬೇಕು. ನೀರನ್ನು ಕೊತಕೊತ ಕುದಿಸಿ, ಒಂದೆರಡು ನಿಮಿಷ ಕುದಿಯಲು ಬಿಟ್ಟು, ಮುಚ್ಚಿಟ್ಟು, ಉಗುರುಬೆಚ್ಚಗಾದ ಮೇಲೆ ಬಳಸಿ. ನಲ್ಲಿ ನೀರು ಹಾಗೇ ಹಾಕಬೇಡಿ. ಆರ್‌ಒ ನೀರನ್ನೂ ಕುದಿಸಿಯೇ ಬಳಸಿ. ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾದ ಸುದ್ದಿ ಓದಿರುತ್ತೀರಿ, ಅಲ್ವಾ? ಅಂಥ ಅಮೀಬಾ ನೀರು ಕುಡಿದರೆ ಏನೂ ಮಾಡುವುದಿಲ್ಲ, ಮೂಗಿನ ಮೂಲಕ ಹೋದರೆ ಮೆದುಳಿಗೆ ದಾರಿ ಹುಡುಕಿಕೊಳ್ಳುತ್ತದೆ. ಅಪರೂಪ ನಿಜ, ಆದರೆ ಒಮ್ಮೆ ಕುದಿಸಿದರೆ ಮುಗಿಯುವ ಮಾತಿಗೆ ಸೋಮಾರಿತನ ಯಾಕೆ? ಉಪ್ಪು ಲೀಟರಿಗೆ 9 ಗ್ರಾಂ. ಅಂದರೆ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಪುಡಿ ಉಪ್ಪು, ಉರಿಯದ ಹಾಗೆ ಒಂದು ಚಿಟಿಕೆ ಅಡುಗೆ ಸೋಡಾ. ಬಾಯಿಗೆ ಹಾಕಿ ನೋಡಿ, ಕಣ್ಣೀರಿನಷ್ಟೇ ಉಪ್ಪಿರಬೇಕು. ಜಾಸ್ತಿಯಾದರೂ ಉರಿ, ಕಡಿಮೆಯಾದರೂ ಉರಿ. ಈ ಅಳತೆಯ ತಲೆನೋವೇ ಬೇಡ ಅಂದರೆ ಮೆಡಿಕಲ್ ಶಾಪಿನಲ್ಲಿ ಅಳೆದು ಕಟ್ಟಿದ ಪೊಟ್ಟಣ ಸಿಗುತ್ತದೆ.

ನಮ್ಮ ಮನೆಯಲ್ಲಿ ಮೊದಲ ದಿನ ದೊಡ್ಡ ರಾದ್ಧಾಂತ. ಬಚ್ಚಲ ಸಿಂಕಿನ ಮುಂದೆ ಸ್ಟೂಲ್ ಹಾಕಿ ನಿಲ್ಲಿಸಿದೆ. ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಿ ತೆರೆದು "ಆ..." ಅನ್ನು ಅಂದೆ. "ಆ" ಅಂದಷ್ಟು ಹೊತ್ತು ನೀರು ಗಂಟಲಿಗೆ ಇಳಿಯುವುದಿಲ್ಲ. ಅವಳು ಮಧ್ಯದಲ್ಲಿ ನಕ್ಕಳು. ನೀರು ಗಂಟಲಿಗೆ ಹೋಗಿ ಕೆಮ್ಮಿ, ಅತ್ತು, ನನ್ನ ಸೀರೆಯೆಲ್ಲ ಒದ್ದೆ. ಮೂರನೇ ದಿನ ಎಡ ಹೊಳ್ಳೆಯಿಂದ ನೀರು ದಾರದ ಹಾಗೆ ಇಳಿದಾಗ ಕನ್ನಡಿಯಲ್ಲಿ ನೋಡಿಕೊಂಡು "ಅಮ್ಮಾ, ನಾನು ಆನೆ" ಅಂದಳು. ಆಮೇಲೆ ಜಗಳ ಇಲ್ಲ. ದಿನಕ್ಕೆ ಒಂದು ಸಲ, ಸಂಜೆ ಆಟ ಮುಗಿಸಿ ಬಂದ ಮೇಲೆ. ಮಲಗುವ ಹೊತ್ತಿಗೆ ಬೇಡ, ಉಳಿದ ನೀರು ಗಂಟಲಿಗೆ ಜಾರುತ್ತದೆ. ಕಿವಿ ನೋವಿದ್ದರೆ, ಮೂಗು ಪೂರ್ತಿ ಕಟ್ಟಿದ್ದರೆ ಅವತ್ತು ಬಿಟ್ಟುಬಿಡಿ. ತೊಳೆದ ಮೇಲೆ ಜೋರಾಗಿ ಮೂಗು ಸೀಟಬಾರದು.

ಚಿಕ್ಕ ಮಕ್ಕಳಿಗೆ ನೇತಿ ಪಾತ್ರೆ ಆಗುವುದಿಲ್ಲ. ನಾಲ್ಕೈದು ವರ್ಷದ ಒಳಗಿನವರಿಗೆ ಸಲೈನ್ ಹನಿ ಅಥವಾ ಸ್ಪ್ರೇ ಸಾಕು. ಕಡಿಮೆ ಬೆಲೆಗೇ ಸಿಗುತ್ತದೆ. ಕೊಳ್ಳುವಾಗ ಬರೀ ಉಪ್ಪುನೀರಿನದ್ದೇ ಅಂತ ಓದಿ ನೋಡಿ. ಅದೇ ಥರದ ಪುಟ್ಟ ಬಾಟಲಿಯಲ್ಲಿ ಮೂಗು ಬಿಡಿಸುವ ಔಷಧಿಯ ಹನಿಯೂ ಬರುತ್ತದೆ. ಅದನ್ನು ಡಾಕ್ಟರ್ ಹೇಳದೆ ಮಕ್ಕಳಿಗೆ ಹಾಕುವ ಹಾಗಿಲ್ಲ. ದಿನಗಟ್ಟಲೆ ಹಾಕಿದರೆ ಬಿಟ್ಟ ಮೇಲೆ ಮೂಗು ಇನ್ನೂ ಜಾಸ್ತಿ ಕಟ್ಟುತ್ತದೆ.

ಎರಡನೆಯದು ಸ್ನಾನ. ಇದಕ್ಕೆ ಯಾರೂ ಔಷಧಿ ಅನ್ನುವುದಿಲ್ಲ, ಅದಕ್ಕೇ ಯಾರೂ ಮಾಡುವುದೂ ಇಲ್ಲ. ಪರಾಗ ಕೂದಲಿನಲ್ಲಿ ಕೂರುತ್ತದೆ. ಮಗು ಹಾಗೇ ಮಲಗಿದರೆ ದಿಂಬಿಗೆ ಬರುತ್ತದೆ, ರಾತ್ರಿಯೆಲ್ಲ ಮೂಗಿಗೆ ಹೋಗುತ್ತದೆ. ನಾವು ಬೆಳಗಿನ ಸ್ನಾನವನ್ನು ಸೀಸನ್ ಮುಗಿಯುವವರೆಗೆ ಸಂಜೆಗೆ ಹಾಕಿಕೊಂಡೆವು. ಆಟದ ಬಟ್ಟೆ ಬಚ್ಚಲಲ್ಲೇ ಬಿಚ್ಚಿ ನೇರ ಬಕೆಟ್ಟಿಗೆ. ದಿನಾ ತಲೆಗೆ ನೀರು ಹಾಕಲು ಅಮ್ಮ ಒಪ್ಪಲಿಲ್ಲ. ಹಾಗಾಗಿ ಆಟಕ್ಕೆ ಹೋಗುವಾಗ ತಲೆಗೆ ಸ್ಕಾರ್ಫ್, ಬಂದ ಮೇಲೆ ಒದ್ದೆ ಟವೆಲಿನಿಂದ ಕೂದಲು ಒರೆಸುವುದು ಅಂತ ರಾಜಿಯಾಯಿತು. ಬೆಡ್‌ಶೀಟು, ದಿಂಬಿನ ಕವರು ಟೆರೇಸಿನಲ್ಲಿ ಒಣಗಿಸುವುದನ್ನು ಆ ಎರಡು ಮೂರು ತಿಂಗಳು ನಿಲ್ಲಿಸಿದೆ. ಒದ್ದೆ ಬಟ್ಟೆ ಪರಾಗಕ್ಕೆ ಅಂಟುಕಾಗದ ಇದ್ದ ಹಾಗೆ.

ಮೂರನೆಯದು ಕೇಳಿದರೆ ನಗು ಬರಬಹುದು. ಹೊರಗೆ ಹೋಗುವ ಮುಂಚೆ ಮೂಗಿನ ಹೊಳ್ಳೆಯ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರುವುದು. ಒಳಗೆ ಹೋಗಬೇಕಾದ ಪರಾಗದಲ್ಲಿ ಒಂದಷ್ಟು ಅಲ್ಲೇ ಅಂಟಿಕೊಳ್ಳುತ್ತದೆ. ಆಯುರ್ವೇದದಲ್ಲಿ ಮೂಗಿಗೆ ತುಪ್ಪ ಹಚ್ಚುವ ಪದ್ಧತಿ ಇದೆಯಲ್ಲ, ಅಂಚಿಗೆ ಹಚ್ಚಿದರೆ ಅದೂ ಇದೇ ಕೆಲಸ ಮಾಡೀತು. ಆದರೆ ಮಕ್ಕಳ ಮೂಗಿನೊಳಗೆ ಎಣ್ಣೆ, ತುಪ್ಪ ಹನಿಸುವುದು ಬೇಡ. ಅದು ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಅಂಚಿಗೆ ಮಾತ್ರ, ಬೆರಳ ತುದಿಯಷ್ಟು.

ಕಣ್ಣಿಗೆ? ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ. ಹತ್ತು ನಿಮಿಷ. ತುರಿಕೆ ಇಳಿಯುತ್ತದೆ, ಊತವೂ ಸ್ವಲ್ಪ ಇಳಿಯುತ್ತದೆ. ನಂದಿಬಟ್ಟಲು ಹೂವಿನ ರಸ, ಗುಲಾಬಿ ಜಲ, ಎದೆಹಾಲು ಇವನ್ನೆಲ್ಲ ಕಣ್ಣಿಗೆ ಬಿಡುವವರಿದ್ದಾರೆ. ಈಗಾಗಲೇ ಕೆರಳಿದ ಕಣ್ಣಿಗೆ ಶುದ್ಧವಲ್ಲದ ರಸ ಹಾಕಿದರೆ ಸೋಂಕು ಬರಬಹುದು ಅಷ್ಟೆ. ನಂದಿಬಟ್ಟಲು ದೇವರಿಗೇ ಇರಲಿ.

ಅಡುಗೆಮನೆಯ ಮದ್ದುಗಳು

ಜೇನುತುಪ್ಪದ ಮಾತು ಎಲ್ಲ ಊರಲ್ಲೂ ಇದೆ. ನಿಮ್ಮ ಸುತ್ತಲಿನ ಜೇನು ತಿಂದರೆ ಅದರಲ್ಲಿರುವ ಪರಾಗ ಸ್ವಲ್ಪಸ್ವಲ್ಪವೇ ಒಳಗೆ ಹೋಗಿ ಮೈ ಒಗ್ಗುತ್ತದೆ ಅನ್ನುವುದು ವಾದ. ಕೇಳಲು ಚೆನ್ನಾಗಿದೆ. ಆದರೆ ಜೇನುಹುಳ ಹೂವಿಗೆ ಹೋಗುತ್ತದೆ, ಹುಲ್ಲಿನ ಪರಾಗ ಗಾಳಿಯಲ್ಲಿ ಹೋಗುತ್ತದೆ. ಕಾಫಿ ಹೂವಿನ ಜೇನಿನಲ್ಲಿ ಗರಿಕೆ ಪರಾಗ ಹುಡುಕುವುದು ಅಂದರೆ ಮೈಸೂರು ಬಸ್ಸಿನಲ್ಲಿ ಮಂಗಳೂರಿಗೆ ಹೊರಟವರನ್ನು ಹುಡುಕಿದ ಹಾಗೆ. ಒಬ್ಬಿಬ್ಬರು ಸಿಕ್ಕಾರು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ 2002ರಲ್ಲಿ ಪ್ರಕಟಿಸಿದರು. 36 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಊರಿನದೇ ಜೇನು, ಇನ್ನೊಂದಕ್ಕೆ ಅಂಗಡಿಯ ಸೋಸಿದ ಜೇನು, ಮೂರನೆಯದಕ್ಕೆ ಜೇನಿನ ವಾಸನೆ ಹಾಕಿದ ಸಕ್ಕರೆ ಪಾಕ. ಅಲರ್ಜಿಯಲ್ಲಿ ಮೂವರಿಗೂ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಜೇನು ಪೂರ್ತಿ ದಂಡ ಅಲ್ಲ. ರಾತ್ರಿ ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಕೊಟ್ಟರೆ ಗಂಟಲಿಗೆ ಹಿತ. ಒಂದು ವರ್ಷದ ಒಳಗಿನ ಮಗುವಿಗೆ ಮಾತ್ರ ಖಂಡಿತ ಕೊಡಬೇಡಿ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿ ನಮ್ಮಲ್ಲಿದೆ, ಗೊತ್ತು. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಶಿಶುಗಳಿಗೆ ಬೊಟುಲಿಸಂ ಅನ್ನುವ ಕಾಯಿಲೆ ಬರಬಹುದು, ಅದು ಸ್ನಾಯುಗಳನ್ನೇ ಸೋಲಿಸುತ್ತದೆ. ಇನ್ನು ಡಬ್ಬಿಯಲ್ಲಿ ಬರುವ 'ಬೀ ಪೋಲೆನ್' ಬೇರೆಯದೇ ಕಥೆ. ಅದು ಪರಾಗದ ಉಂಡೆ. ಪರಾಗದ ಅಲರ್ಜಿ ಇರುವ ಮಗುವಿಗೆ ಅದನ್ನು ತಿನ್ನಿಸಿದರೆ ಮುಖ, ಗಂಟಲು ಊದಿ ಜೀವಕ್ಕೇ ಅಪಾಯ ಆಗಬಹುದು. ಹತ್ತಿರಕ್ಕೂ ತರಬೇಡಿ.

ಅಮ್ಮನ ಕಷಾಯದ ಬಗ್ಗೆ ಎಚ್ಚರದಿಂದ ಬರೆಯಬೇಕು, ಅವರು ಇದನ್ನು ಓದುತ್ತಾರೆ. ಧನಿಯಾ, ಜೀರಿಗೆ, ನಾಲ್ಕು ಕಾಳುಮೆಣಸು, ಶುಂಠಿ, ತುಳಸಿ, ಬೆಲ್ಲ. ಬಿಸಿ ಇರುವಾಗ ಕುಡಿದರೆ ಗಂಟಲು ಬಿಡುತ್ತದೆ, ಕಟ್ಟಿದ ಮೂಗು ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಅಲರ್ಜಿ ವಾಸಿಯಾಗುವುದಿಲ್ಲ. ಅರ್ಧ ಲೋಟ ಕೊಟ್ಟರೆ ತೊಂದರೆಯೇನೂ ಇಲ್ಲ, ಮಗು ಅಜ್ಜಿಯ ತೊಡೆ ಮೇಲೆ ಹತ್ತು ನಿಮಿಷ ಕೂರುತ್ತದೆ. ಅದಕ್ಕೂ ಬೆಲೆ ಇದೆ. ಅರಿಶಿನದ ಹಾಲೂ ಇದೇ ಸಾಲಿಗೆ. ಅರಿಶಿನದ ಸತ್ವ ಮೈಗೆ ಹತ್ತುವುದು ಬಹಳ ಕಡಿಮೆ. ಲೋಟ ಹಾಲಿಗೆ ಒಂದು ಚಿಟಿಕೆ ಹಾಕಿದರೆ ಸಾಕು, ಚಮಚಗಟ್ಟಲೆ ಬೇಡ.

ಅಮೃತಬಳ್ಳಿಯನ್ನು ಮಾತ್ರ ಈ ಸಾಲಿನಿಂದ ತೆಗೆದಿಟ್ಟಿದ್ದೇನೆ. ಕೋವಿಡ್ ಸಮಯದಲ್ಲಿ ಅದನ್ನು ದಿನಾ ಕುಡಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ದೊಡ್ಡವರು ವಾದ ಮಾಡಿಕೊಳ್ಳಲಿ. ನನ್ನ ಮಗಳ ಮೇಲೆ ಅದರ ಪ್ರಯೋಗ ಬೇಡ.

ಮೊಸರು, ಬಾಳೆಹಣ್ಣು, ಸೀಬೆಕಾಯಿ ನಿಲ್ಲಿಸುವುದರಿಂದ ಹುಲ್ಲಿನ ಅಲರ್ಜಿಗೆ ಏನೂ ಆಗುವುದಿಲ್ಲ. ನಿಲ್ಲಿಸಿ ಮಗು ಸೊರಗಿದ್ದೇ ಬಂತು.

ಹೊಗೆ, ಹಬೆ, ಎಣ್ಣೆ

ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಸ್ನಾನ ಆದ ಮೇಲೆ ಮಗುವಿಗೆ ಲೋಬಾನ, ಸಾಂಬ್ರಾಣಿ ಹೊಗೆ ಹಿಡಿಯುವುದು ಹಳೇ ಪದ್ಧತಿ. ಪರಿಮಳ ನನಗೂ ಇಷ್ಟ. ಆದರೆ ಹೊಗೆ ಯಾವುದಾದರೂ ಹೊಗೆಯೇ. ಊದಿಕೊಂಡ ಶ್ವಾಸನಾಳಕ್ಕೆ ಅದು ಇನ್ನಷ್ಟು ಕೆರಳಿಸುತ್ತದೆ. ಊದುಬತ್ತಿ, ಸೊಳ್ಳೆ ಬತ್ತಿ, ಹಬ್ಬದ ಪಟಾಕಿ ಕೂಡ. ದೀಪಾವಳಿ ಸರಿಯಾಗಿ ಹುಲ್ಲಿನ ಸೀಸನ್ನಿನ ಹೊಟ್ಟೆಯಲ್ಲೇ ಬರುತ್ತದೆ ಅನ್ನುವುದನ್ನು ಮರೆಯಬೇಡಿ.

ಬಿಸಿನೀರಿನ ಪಾತ್ರೆ ಮೇಲೆ ಟವೆಲ್ ಹೊದ್ದು ಹಬೆ ತೆಗೆದುಕೊಳ್ಳುವುದು ದೊಡ್ಡವರಿಗೆ ಸರಿ. ಮಕ್ಕಳಿಗೆ ಬೇಡ. ಪಾತ್ರೆ ತೊಡೆ ಮೇಲೆ ಮಗುಚಿ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಹಬೆ ಬೇಕೇ ಬೇಕು ಅಂದರೆ ಬಚ್ಚಲ ಬಾಗಿಲು ಹಾಕಿ ಬಿಸಿನೀರು ಬಿಟ್ಟು ಐದು ನಿಮಿಷ ಮಗುವನ್ನು ಎತ್ತಿಕೊಂಡು ದೂರ ಕೂರಿ. ನೀಲಗಿರಿ ಎಣ್ಣೆ, ಕರ್ಪೂರ ಎರಡೂ ಚಿಕ್ಕ ಮಕ್ಕಳಿಗೆ ವಿಷವೇ. ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ, ಎದೆಗೆ ಹಚ್ಚುವ ಬಾಮು ಎರಡು ವರ್ಷದ ಒಳಗಿನವರಿಗೆ ಬೇಡ. ಯಾವ ವಯಸ್ಸಿನಲ್ಲೂ ಮೂಗಿನ ಕೆಳಗೆ ಬೇಡ.

ಗಂಧೆ ಎದ್ದರೆ

ಪಿತ್ತಗಂಧೆಗೆ ಕಂಬಳಿ ಉಜ್ಜುವುದು ನಮ್ಮ ದೊಡ್ಡಮ್ಮನ ಕಾಲದ ಮದ್ದು. ಉಜ್ಜಿದ ಕ್ಷಣ ತುರಿಕೆಗೆ ಹಾಯ್ ಅನ್ನಿಸುತ್ತದೆ, ಆಮೇಲೆ ಎರಡರಷ್ಟು ಏಳುತ್ತದೆ. ಕೆರೆದಷ್ಟೂ ಹಿಸ್ಟಮಿನ್ ಜಾಸ್ತಿ ಬಿಡುಗಡೆಯಾಗುತ್ತದೆ, ಗಂಧೆ ಏಳಿಸುವುದೇ ಅದು. ತಣ್ಣೀರಿನಲ್ಲಿ ಕಾಲು ತೊಳೆಯಿರಿ, ಒದ್ದೆ ಬಟ್ಟೆ ಇಡಿ, ಕ್ಯಾಲಮೈನ್ ಹಚ್ಚಿ. ಚರ್ಮ ಒಣಗುವ ಮಗುವಾದರೆ ಸ್ನಾನ ಆದ ತಕ್ಷಣ ಕೊಬ್ಬರಿ ಎಣ್ಣೆ. ಮಲೆನಾಡು, ಕರಾವಳಿಯವರು ಪುನರ್ಪುಳಿ ಶರಬತ್ತು ಕೊಡುತ್ತಾರೆ. ಕುಡಿಯಲಿ, ರುಚಿಯಾಗಿರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹುಲ್ಲಿನಲ್ಲಿ ಆಡುವಾಗ ಉದ್ದ ಪ್ಯಾಂಟು, ಸಾಕ್ಸ್.

ಡಬ್ಬಿಯಲ್ಲಿ ಬರುವ 'ನ್ಯಾಚುರಲ್'

ಕ್ವರ್ಸೆಟಿನ್ (ಈರುಳ್ಳಿ, ಸೇಬಿನಲ್ಲಿರುವ ಒಂದು ಸತ್ವ), ಸ್ಪಿರುಲಿನಾ (ಒಂದು ಬಗೆಯ ಪಾಚಿ) ಗುಳಿಗೆಗಳನ್ನು ಮಕ್ಕಳಿಗೆ ಕೊಡುವಷ್ಟು ಸಾಕ್ಷಿ ಇಲ್ಲ. ಬಟರ್‌ಬರ್ ಅನ್ನುವ ಯುರೋಪಿನ ಗಿಡದ ಮಾತ್ರೆಗೆ ದೊಡ್ಡವರಲ್ಲಿ ಸ್ವಲ್ಪ ಫಲ ಕಂಡಿದೆ ನಿಜ, ಆದರೆ ಆ ಗಿಡದಲ್ಲಿ ಲಿವರ್ ಕೆಡಿಸುವ ಅಂಶವೂ ಇದೆ. ಹೋಮಿಯೋಪತಿಯ ಸಿಹಿ ಗುಳಿಗೆಯಿಂದ ಹುಲ್ಲಿನ ಅಲರ್ಜಿ ಹೋಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಅದನ್ನು ನಂಬಿ ಇನ್‌ಹೇಲರ್ ನಿಲ್ಲಿಸಿದರೆ ಮಾತ್ರ ಅಪಾಯ.

ಹೆಚ್ಚು ಹೆದರಬೇಕಾದ್ದು ಹೆಸರಿಲ್ಲದ ಪುಡಿಗಳಿಗೆ. ಇಂಟರ್ನೆಟ್‌ನಲ್ಲಿ ಮಾರುವ ಆಯುರ್ವೇದ ಔಷಧಿಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ, ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಇದು ಆಯುರ್ವೇದವನ್ನು ಬೈಯುವ ಮಾತಲ್ಲ. ಓದಿದ ಆಯುರ್ವೇದ ವೈದ್ಯರಿದ್ದಾರೆ, ಅವರ ಹತ್ತಿರ ಹೋಗಿ, ಏನು ಕೊಡುತ್ತಿದ್ದಾರೆ ಅಂತ ಬರೆಸಿಕೊಳ್ಳಿ. ಪೇಪರಿನಲ್ಲಿ ಕಟ್ಟಿಕೊಟ್ಟ ಪುಡಿಯಿಂದ ಎರಡೇ ದಿನದಲ್ಲಿ ಮ್ಯಾಜಿಕ್ ಆದ ಹಾಗೆ ಸೀನು ನಿಂತಿತು ಅಂದರೆ ಖುಷಿ ಪಡುವ ಮುಂಚೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿದೆಯಾ ಅಂತ ಅನುಮಾನ ಪಡಿ.

ಮೆಡಿಕಲ್ ಶಾಪಿನದ್ದು ಬೇಡವೇ ಬೇಡವಾ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. "ಈ ವಯಸ್ಸಿಗೇ ಮಾತ್ರೆ ಅಭ್ಯಾಸ ಮಾಡಿಸೋದಾ?" ಅಂತ. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ರಾತ್ರಿ ನಿದ್ದೆ ಮಾಡ್ತಾಳಾ?" ಮಾಡುತ್ತಿರಲಿಲ್ಲ. ಬಾಯಲ್ಲಿ ಉಸಿರಾಡುತ್ತಾ ಹೊರಳಾಡುತ್ತಿದ್ದಳು, ಬೆಳಿಗ್ಗೆ ಸ್ಕೂಲ್ ವ್ಯಾನಿನಲ್ಲಿ ತೂಕಡಿಕೆ. ನಿದ್ದೆ, ಆಟ, ಪಾಠ ಕೆಡುತ್ತಿದ್ದರೆ ಉಪ್ಪುನೀರೊಂದರಿಂದಲೇ ದಿನ ದೂಡುವುದು ಹಟ ಅಷ್ಟೆ.

ಸೆಟಿರಿಜಿನ್, ಲೊರಾಟಡಿನ್ ಥರದ ಹೊಸ ಅಲರ್ಜಿ ಔಷಧಿಗಳು ಹಳೆಯವುಗಳಷ್ಟು ನಿದ್ದೆ ಬರಿಸುವುದಿಲ್ಲ. ಮಗುವಿನ ತೂಕಕ್ಕೆ ತಕ್ಕ ಅಳತೆಯನ್ನು ಡಾಕ್ಟರೇ ಹೇಳಬೇಕು. ಮೂಗಿಗೆ ಹಾಕುವ ಸ್ಟಿರಾಯ್ಡ್ ಸ್ಪ್ರೇ ಹೆಸರು ಕೇಳಿ ಬೆಚ್ಚುತ್ತೇವೆ, ಆದರೆ ಕಟ್ಟಿದ ಮೂಗಿಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಅದೇ. ವರ್ಷಗಟ್ಟಲೆ ಹಾಕುವುದಾದರೆ ಎತ್ತರ ಅಳೆಯುತ್ತಾ ಇರುತ್ತಾರೆ. ಮನೆಯಲ್ಲಿ ಉಳಿದ ಶೀತದ ಸಿರಪ್ಪನ್ನು ಮಾತ್ರ ಕೊಡಬೇಡಿ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಸೇರಿದ ಸಿರಪ್ಪನ್ನು ನಾಲ್ಕು ವರ್ಷದ ಒಳಗಿನವರಿಗೆ ಬಳಸಬಾರದು ಅಂತ ಲೇಬಲ್ ಮೇಲೆ ಬರೆಯಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಹೇಳಿದ್ದಾರೆ. ಡಬ್ಬಿ ತಿರುಗಿಸಿ ಓದಿ.

ಇನ್ನು, ಸ್ವಲ್ಪಸ್ವಲ್ಪ ಪರಾಗ ಕೊಟ್ಟು ಮೈಯನ್ನು ಒಗ್ಗಿಸುವುದು ಅಂದೆನಲ್ಲ, ಜೇನಿನವರ ಆ ವಾದ ಪೂರ್ತಿ ಸುಳ್ಳಲ್ಲ. ಅಳತೆ ಮಾಡಿ ಕೊಟ್ಟರೆ ಅದು ನಿಜ. 1911ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲೆನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನೇ ಇಂಜೆಕ್ಷನ್ ಮಾಡಿ ತೋರಿಸಿದರು. ಇವತ್ತು ಅದಕ್ಕೆ ಇಮ್ಯುನೋಥೆರಪಿ ಅನ್ನುತ್ತಾರೆ, ಸುಮಾರು ಮೂರು ವರ್ಷದ ಕೋರ್ಸು. ನಾಲಿಗೆ ಕೆಳಗೆ ಇಡುವ ಟಿಮೋತಿ ಹುಲ್ಲಿನ ಗುಳಿಗೆಯನ್ನು 2014ರಲ್ಲಿ ಅಮೆರಿಕದಲ್ಲಿ ಐದು ವರ್ಷ ದಾಟಿದವರಿಗೆ ಒಪ್ಪಿದರು. ನೋಡಲು ಹೋದರೆ ಇದಕ್ಕಿಂತ 'ನ್ಯಾಚುರಲ್' ಯಾವುದಿದೆ? ಆದರೆ ಟಿಮೋತಿ ತಂಪು ದೇಶದ ಹುಲ್ಲು. ನಮ್ಮ ಗರಿಕೆಯ ಪರಾಗಕ್ಕೂ ಅದಕ್ಕೂ ಅಷ್ಟಾಗಿ ಹೊಂದುವುದಿಲ್ಲ. ಹಾಗಾಗಿ ಯಾರೋ ಫಾರಿನ್ನಿನಿಂದ ತಂದುಕೊಟ್ಟರು ಅಂತ ನುಂಗಿಸುವ ಔಷಧಿಯಲ್ಲ ಅದು. ಟೆಸ್ಟ್ ಮಾಡಿಸಿ, ಅಲರ್ಜಿ ತಜ್ಞರ ಕಣ್ಣೆದುರೇ ಶುರು ಮಾಡಬೇಕು.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ನಿಮ್ಮ ಕಾಲ ಬೇರೆ. ಇಂಗ್ಲೆಂಡಿನಲ್ಲಿ ಹುಲ್ಲಿನ ಸೀಸನ್ ಮೇ ತಿಂಗಳಿಂದ ಜುಲೈ, ಮೆಲ್ಬರ್ನ್‌ನಲ್ಲಿ ಅಕ್ಟೋಬರಿನಿಂದ ಡಿಸೆಂಬರ್. ಇಲ್ಲಿ ಆರಾಮಾಗಿದ್ದ ಮಗು ಅಲ್ಲಿಗೆ ಹೋದ ಎರಡು ಮೂರು ವರ್ಷಕ್ಕೆ ಸೀನಲು ಶುರು ಮಾಡುವುದುಂಟು. ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರ ಸಂಜೆ ಗುಡುಗು ಮಳೆ ಬಂದಾಗ ರೈ ಹುಲ್ಲಿನ ಪರಾಗ ಒಡೆದು ಚೂರಾಗಿ ಶ್ವಾಸಕೋಶದ ಆಳಕ್ಕೇ ಹೋಯಿತು. ಸಾವಿರಾರು ಜನ ಆಸ್ಪತ್ರೆಗೆ ಓಡಿದರು, 10 ಜನ ತೀರಿಕೊಂಡರು. ಅಲ್ಲಿ ಪರಾಗದ ಲೆಕ್ಕ ದಿನಾ ಹೇಳುತ್ತಾರೆ. ಗುಡುಗಿನ ಮುನ್ಸೂಚನೆ ಇದ್ದ ದಿನ ಮಗುವನ್ನು ಒಳಗಿಟ್ಟುಕೊಳ್ಳಿ.

ಕಷಾಯ ಕುದಿಸುತ್ತಾ ಕೂರಬಾರದ ಹೊತ್ತು

ಉಸಿರಾಡುವಾಗ ಎದೆಯಿಂದ ಸುಂಯ್ ಅನ್ನುವ ಶಬ್ದ, ರಾತ್ರಿ ಮತ್ತೆಮತ್ತೆ ಕೆಮ್ಮು, ಓಡಿದರೆ ಏದುಸಿರು ಇದ್ದರೆ ಅದು ಮೂಗು ದಾಟಿ ಎದೆಗೆ ಇಳಿದಿದೆ. ಅದೇ ವಾರ ಡಾಕ್ಟರಿಗೆ ತೋರಿಸಿ. ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ಮಾತಾಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ತುಟಿ ನಾಲಿಗೆ ಊದಿದರೆ, ಗಂಧೆಯ ಜೊತೆ ವಾಂತಿ, ತಲೆಸುತ್ತು ಬಂದರೆ ಆ ಕ್ಷಣವೇ ಆಸ್ಪತ್ರೆ ಇಲ್ಲವೇ 108. ಮೃಗಶಿರ ಮಳೆಗೆ ಹೈದರಾಬಾದಿಗೆ ಹೋಗಿ ಅಸ್ತಮಾಕ್ಕೆ ಅಂತ ಮೀನಿನ ಔಷಧಿ ನುಂಗಿಸಿಕೊಂಡು ಬರುವವರು ಬೀದರ್, ಕಲಬುರಗಿ ಕಡೆ ಈಗಲೂ ಇದ್ದಾರೆ. ಹೋಗುವವರು ಹೋಗಲಿ, ಇನ್‌ಹೇಲರ್ ಜೇಬಿನಲ್ಲಿ ಇರಲಿ.

ಈ ವರ್ಷದ ಹಬ್ಬಕ್ಕೆ ಗರಿಕೆ ಮಾರ್ಕೆಟ್ಟಿನಿಂದ ಬಂತು. ನಾನೇ ಅದನ್ನು ಬಕೆಟ್ಟಿನ ನೀರಿನಲ್ಲಿ ಎರಡು ಸಲ ಜಾಲಿಸಿ ಹಿತ್ತಲಿನಲ್ಲಿ ಕೊಡವಿದೆ. ಹಿಂದಿನ ವಾರವೇ ಡಾಕ್ಟರು ಹೇಳಿದ ಸ್ಪ್ರೇ ಶುರು ಮಾಡಿದ್ದೆವು. ಪಕ್ಕದ ಸೈಟಿನವರಿಗೆ ಹೇಳಿ ತೆನೆ ಬಿಡುವ ಮುಂಚೆಯೇ ಹುಲ್ಲು ಹೊಡೆಸಿದ್ದೂ ಆಯಿತು. ಆಳಿನ ಕೂಲಿ ಅರ್ಧ ನಮ್ಮದು. ಮಗಳು ಮಣೆ ಮುಂದೆ ಕೂತು 21 ಎಣಿಸಿ ಅಜ್ಜಿಯ ಕೈಗೆ ಕೊಟ್ಟಳು. ಎರಡೇ ಸೀನು. ಅಮ್ಮ ನನ್ನ ಕಡೆ ತಿರುಗಿ "ನೋಡಿದ್ಯಾ, ವರ್ಷ ಪೂರ್ತಿ ಕಷಾಯ ಕುಡಿಸಿದ್ದಕ್ಕೆ" ಅಂದರು.